ಬೆಳವಲದ ಬೇಟೆನಾಯಿ

ಗದಗಿಗೆ ಬಂದ ಪ್ರವಾಸಿಕರು ತ್ರಿಕೂಟೇಶ್ವರನನ್ನೂ ವೀರನಾರಾಯಣನನ್ನೂ ದರ್ಶನ ಮಾಡಿಕೊಂಡು ನೆಟ್ಟಗೆ ಲಕ್ಕುಂಡಿಯ ದಾರಿ ಹಿಡಿಯುವರು. ಅದರ ಅವಳಿ ಊರಾದ ಬೆಟಗೇರಿಗೆ ಬರುವವರು ಬಹುತರವಾಗಿ ಸೀರೆಯ ವ್ಯಾಪಾರಕ್ಕೆ ಬಂದವರೇ. ಮಗ್ಗದ ಸದ್ದಿನ ಈ ಊರಿನಲ್ಲಿ ಪ್ರಾಚೀನವಾದ ವೀರಗಲ್ಲುಗಳು ನಿಂತಿರುವುವೆಂಬುದು ಊರವರಿಗೇ ಎಷ್ಟೋ ಸಲ ಮರೆತುಹೋಗಿರುತ್ತದೆ. ವೀರಗಲ್ಲೆಂದರೆ ರಣದಲ್ಲಿ ಮಡಿದವನ ಕಲ್ಲು ಎಂದು ನಮ್ಮ ಶಾಲೆಯ ಹುಡುಗರು ಉತ್ತರ ಬರೆಯುತ್ತಿದ್ದರು. ಅದು ತಪ್ಪಲ್ಲ, ಆದರೆ ಪೂರ್ಣವೂ ಅಲ್ಲ. ತುರುಗಳನ್ನು ಮರಳಿಸಲು ಹೋಗಿ ಸತ್ತವನಿಗೂ, ಕಾಡುಹಂದಿಯೊಡನೆ ಸೆಣಸಿ ಸತ್ತವನಿಗೂ ಕನ್ನಡ ನಾಡಿನಲ್ಲಿ ಕಲ್ಲುಗಳನ್ನು ನಿಲ್ಲಿಸಿದ್ದಾರೆ. ಒಂದೆಡೆಯಲ್ಲಂತೂ ನಾಯಿಗೇ ನಿಲ್ಲಿಸಿದ್ದಾರೆ.

ಆ ಕಲ್ಲು ಬೆಟಗೇರಿಯದಲ್ಲ. ಮಂಡ್ಯ ಜಿಲ್ಲೆಯ ಆತಕೂರಿನದು. ಈಗ ಅದು ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಶಕವರ್ಷ 872, ಎಂದರೆ ಕ್ರಿ. ಶ. 949–50ರ ಶಾಸನವದು. ರಾಷ್ಟ್ರಕೂಟರ ಮೂರನೆಯ ಕೃಷ್ಣನು ತಕ್ಕೋಲದ ಕಾಳಗದಲ್ಲಿ ಚೋಳರ ರಾಜಾದಿತ್ಯನನ್ನು ಗೆದ್ದಾಗ ಗಂಗರ ಬೂತುಗನ ಕಡೆಯ ಮಣಲೆರನೆಂಬ ವೀರನು ಪರಾಕ್ರಮ ತೋರಿದನು. ಏನು ಬೇಕೋ ಬೇಡಿಕೋ ಎಂದು ಒಡೆಯನು ಕೇಳಲಾಗಿ, ಮಣಲೆರನು ಊರನ್ನು ಬೇಡಲಿಲ್ಲ, ಹೊನ್ನನ್ನು ಬೇಡಲಿಲ್ಲ; ‘ಕಾಳಿ’ ಎಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಮುಂದೆ ಆ ಕಾಳಿಯು ಒಂದು ದೊಡ್ಡ ಹಂದಿಯ ಮೇಲೆ ಬಿದ್ದು, ಅದನ್ನು ಕೊಂದು, ತಾನೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಭೂಮಿಯನ್ನು ಬಿಟ್ಟು, ಪೂಜೆ ಮಾಡುವ ಗೊರವನು ಆ ಕಲ್ಲನ್ನು ಪೂಜಿಸದೆ ಉಣ್ಣಕೂಡದೆಂದು ಕಟ್ಟಳೆ ಮಾಡಿದರು. ಸಾವಿರ ವರ್ಷಗಳ ಹಿಂದೆ ನಮ್ಮವರು ನಾಯಿಯೊಂದಕ್ಕೆ ಇಷ್ಟು ಮನ್ನಣೆ ಕೊಟ್ಟಿದ್ದರೆಂದು ಹೇಳಿದರೆ, ನಾಯಿಯನ್ನು ಮೈಲಿಗೆಯೆಂದು ಅಂಗಳದಾಚೆಗೆ ನಿಲ್ಲಿಸುವ ನಮ್ಮ ಮನೆಯ ಹಿರಿಯರು ನಂಬುವುದಿಲ್ಲ.

ಈ ವಿಷಯವನ್ನು ಈಗ ಎತ್ತಲು ಕಾರಣವುಂಟು. ನಮ್ಮ ಓಣಿಯ ನೇಕಾರ ಗೃಹಸ್ಥರೊಬ್ಬರ ಮಗನಿಗೆ ಮುಧೋಳದ ಬೇಟೆನಾಯಿಗಳ ಜೋಡಿಯೊಂದನ್ನು ಕೊಳ್ಳಬೇಕೆಂಬ ಹಟ ಹುಟ್ಟಿತು. ಗೆಳೆಯರೊಡನೆ ರಾತ್ರಿ ಹೊಲಗಳಲ್ಲಿ ಮೊಲ ಓಡಿಸುವ ವಿಚಾರ ಅವನದೆಂದು ತಂದೆಗೆ ತಿಳಿಯಿತು. “ಮಾಸ್ತರ, ಇದು ಬೇಸಿ ಅಥವಾ ಬ್ಯಾಡೋ, ನೀವು ತಿಳದವರು ಒಂದು ಮಾತು ಹೇಳ್ರಿ” ಎಂದು ಅವರು ಕೇಳಿದಾಗ, ಪುಸ್ತಕದಲ್ಲಿ ಕಂಡ ನಾಯಿಗಳನ್ನಷ್ಟೇ ಬಲ್ಲ ನಾವು, ನಾಯಿಗಳನ್ನೂ ನಾಯಿ ಸಾಕಿದವರನ್ನೂ ಕಣ್ಣಾರೆ ಕಂಡು ಬಂದು ಹೇಳುವುದೇ ಲೇಸೆಂದು ಎರಡು ಸಣ್ಣ ಪ್ರವಾಸಗಳನ್ನು ಕೈಕೊಂಡೆವು.

ಪುಸ್ತಕದ ಮಾತನ್ನು ಮೊದಲು ಮುಗಿಸುವೆವು. ಸಂಸ್ಕೃತದಲ್ಲಿ ನಾಯಿಗೆ ಹೆಸರುಗಳು ಹಲವು. ದೇವತೆಗಳ ನಾಯಿಯಾದ ಸರಮೆಯ ಸಂತತಿಯಾದುದರಿಂದ ‘ಸಾರಮೇಯ’. ಅಮರಕೋಶದವನು ಬೇಟೆಯಲ್ಲಿ ಕುಶಲವಾದ ನಾಯಿಗೆ ‘ವಿಶ್ವಕದ್ರು’ ಎಂದೂ, ಹುಚ್ಚು ಹಿಡಿದ ನಾಯಿಗೆ ‘ಅಲರ್ಕ’ ಎಂದೂ ಬೇರೆ ಬೇರೆ ಹೆಸರನ್ನೇ ಕೊಟ್ಟಿದ್ದಾನೆ. ಪಾಂಡವರು ಬೇಟೆಗೆ ಹೋದಾಗ ಅವರ ನಾಯಿಯು ಏಕಲವ್ಯನನ್ನು ಕಂಡು ಬೊಗಳಿದ್ದು, ಅದರ ಬಾಯಲ್ಲಿ ಬಾಣಗಳು ತುಂಬಿದ್ದು, ಮಕ್ಕಳಿಗೂ ಗೊತ್ತಿರುವ ಕಥೆ. ಕೌಟಿಲ್ಯನು ಬೇಡರನ್ನೂ ನಾಯಿಗಳ ಹಿಂಡಿನವರನ್ನೂ ಅಡವಿಗಳಲ್ಲಿ ಸುತ್ತಾಡಿಸಿ ಕಳ್ಳರ ಮತ್ತು ಹಗೆಗಳ ಸುಳಿವು ತಿಳಿಯಬೇಕೆನ್ನುತ್ತಾನೆ. ಇವೆಲ್ಲಕ್ಕಿಂತ ನಮಗೆ ಹತ್ತಿರದವನು ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರ. ಗದಗು ಲಕ್ಕುಂಡಿಗಳು ಆತನ ರಾಜ್ಯದೊಳಗಿನ ಊರುಗಳೇ. 1129ರ ಸುಮಾರಿಗೆ ಆತನು ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅರಸರ ವಿನೋದಗಳನ್ನು ಹೇಳುವಾಗ ಮೃಗಯಾವಿನೋದಕ್ಕೆ ಒಂದು ಪ್ರಕರಣ, ಸಾರಮೇಯವಿನೋದಕ್ಕೆ ಮತ್ತೊಂದು ಪ್ರಕರಣ. ನಾಯಿಯನ್ನು ಪರೀಕ್ಷಿಸಿ ಆರಿಸುವುದು ನಮ್ಮ ನಾಡಿನಲ್ಲಿ ಒಂದು ಶಾಸ್ತ್ರವೇ ಆಗಿದ್ದಿತೆಂಬುದಕ್ಕೆ ಇಷ್ಟು ಸಾಕು.

ಮೊದಲ ಪ್ರವಾಸ ಕಪ್ಪತಗುಡ್ಡದ ಕಡೆಗೆ. ಬೆಟಗೇರಿಯನ್ನು ಬಿಟ್ಟು ಮುಂಡರಗಿಯ ದಾರಿ ಹಿಡಿದರೆ ಡಂಬಳದ ಕೆರೆಯೂ ದೊಡ್ಡಬಸಪ್ಪನ ಗುಡಿಯೂ ಸಿಗುವುವು. ಆ ಬಳಿಕ ಡೋಣಿಯ ಕಡೆಗೆ ತಿರುಗಲು ಗುಡ್ಡದ ಸಾಲು ಎದುರಿಗೆ ಬರುವುದು. ಬೆಳವಲದ ಕರಿಯ ಎರೆ ಮುಗಿದು ಕೆಂಪು ಮಸಾರಿ ನೆಲ ಮೊದಲಾಗುವುದು ಇಲ್ಲಿಯೇ. ಗುಡ್ಡದ ನೆತ್ತಿಯ ಮೇಲೆ ಗಾಳಿಯಿಂದ ವಿದ್ಯುತ್ತು ತೆಗೆಯುವ ಬಿಳಿಯ ಕಂಬಗಳು ತಿರುಗುತ್ತಿರುತ್ತವೆ. ಗದಗು, ಶಿರಹಟ್ಟಿ, ಮುಂಡರಗಿ ತಾಲೂಕುಗಳಿಗೆ ಹಬ್ಬಿದ ಈ ಗುಡ್ಡದ 244 ಚದರ ಕಿಲೋಮೀಟರುಗಳಷ್ಟು ನೆಲವನ್ನು 2019ರಲ್ಲಿ ವನ್ಯಜೀವಿಧಾಮವೆಂದು ಸರಕಾರವು ಸಾರಿದೆ. ತೋಳ, ಕತ್ತೆಕಿರುಬ, ನರಿ, ಮುಳ್ಳುಹಂದಿ, ಮೊಲ, ಚಿಗರಿ ಇವೆಲ್ಲ ಇಲ್ಲಿಯ ಪ್ರಜೆಗಳು. ಔಷಧಿಯ ಗಿಡಮೂಲಿಕೆಗಳ ಮಾತಂತೂ ಬೇರೆಯೇ ಲೇಖನವನ್ನು ಬೇಡುವುದು.

ಸುಗ್ಗಿ ಮುಗಿದ ಹೊಲವೊಂದರಲ್ಲಿ ಕುರುಬರು ಕುರಿ ತರುಬಿದ್ದರು. ಸುತ್ತಲೂ ಬಲೆ ಕಟ್ಟಿ, ನಡುವೆ ಮರಿಗಳನ್ನು ಕೂಡಿಹಾಕಿ, ಕಂಬಳಿ ಹೊದ್ದ ಮುದುಕನೊಬ್ಬ ಕುಳಿತಿದ್ದನು. ಅವನ ಸುತ್ತ ನಾಲ್ಕು ನಾಯಿಗಳು. ಚೆಲುವಿಕೆಯ ಲವಲೇಶವೂ ಅವುಗಳಲ್ಲಿ ಇಲ್ಲ. ಒಂದರ ಕಿವಿ ಹರಿದಿತ್ತು, ಇನ್ನೊಂದರ ಕೊರಳಲ್ಲಿ ಹಳೆಯ ಗಾಯದ ಬರೆ. ನಾವು ಸಮೀಪಿಸಿದೊಡನೆ ನಾಲ್ಕೂ ಎದ್ದು ನಮ್ಮ ಮತ್ತು ಕುರಿಗಳ ನಡುವೆ ಬಂದು ನಿಂತವೇ ಹೊರತು ಒಂದೂ ಬೆನ್ನಟ್ಟಿ ಬರಲಿಲ್ಲ. “ಏನಜ್ಜಾ, ಇವು ಬೇಟೆಗೂ ಬರುವುವೇ?” ಎಂದು ಕೇಳಿದೆವು.

“ಬ್ಯಾಟಿ ನಾಯಿ ಅಲ್ರೀ ಮಾಸ್ತರ ಇವು. ಬ್ಯಾಟಿ ರುಚಿ ಹತ್ತಿದ ನಾಯಿ ರಾತ್ರಿ ಹಟ್ಟಿ ಬಿಟ್ಟು ಮೊಲದ ಬೆನ್ನ ಹತ್ತಿ ಹೋಗಿಬಿಡತೈತಿ. ಅದು ಹ್ವಾದ ರಾತ್ರೀನ ತ್ವಾಳ ಬರತೈತಿ.”

ಈ ಒಂದು ಮಾತಿಗಾಗಿ ನಾವು ಅಷ್ಟು ದೂರ ಹೋದದ್ದು ಸಾರ್ಥಕವೆಂದು ತೋರಿತು. ಬೇಟೆಯಾಡುವ ನಾಯಿ, ಕಾಯುವ ನಾಯಿ ಎರಡೂ ಒಂದೇ ಎಂದು ಪೇಟೆಯವರಾದ ನಾವು ತಿಳಿದಿರುತ್ತೇವೆ. ಆದರೆ ಒಂದರ ಗುಣವೆಂದರೆ ಓಡುವುದನ್ನು ಕಂಡೊಡನೆ ಬೆನ್ನಟ್ಟುವುದು. ಇನ್ನೊಂದರ ಗುಣವೆಂದರೆ ಏನು ಓಡಿದರೂ ತನ್ನ ಎಡೆಯನ್ನು ಬಿಡದಿರುವುದು. ಕುರುಬನು ಮರಿಯನ್ನು ಕಣ್ಣು ಬಿಟ್ಟಾಗಿನಿಂದ ಕುರಿಗಳ ನಡುವೆಯೇ ಬೆಳೆಸುತ್ತಾನೆ. ಕೋಳಿಯನ್ನೋ ಮೊಲವನ್ನೋ ಅಟ್ಟುವ ಚಾಳಿ ಕಂಡರೆ ಅಂಥದನ್ನು ಹಟ್ಟಿಯಲ್ಲಿ ಇಟ್ಟುಕೊಳ್ಳುವುದಿಲ್ಲ. ತೋಳನ ಮೇಲೆ ಅವನಿಗೆ ಸಿಟ್ಟಿಲ್ಲವೆ ಎಂದು ಕೇಳಿದರೆ ನಕ್ಕನು. ಆ ವರ್ಷ ಎರಡು ಮರಿಗಳು ಹೋಗಿದ್ದವಂತೆ. “ಅದರ ಪಾಲು ಅದಕ್ಕ. ನಾಯಿ ಎಚ್ಚರ ಇದ್ದರ ಪಾಲು ಸಣ್ಣದಾಗತೈತಿ, ಅಷ್ಟ.” ಕುರುಬರ ಕುಲದೈವವಾದ ಮೈಲಾರಲಿಂಗನ ಗೊರವರು ಜಾತ್ರೆಯಲ್ಲಿ ನಾಯಿಯಂತೆ ಬೊಗಳುತ್ತ ದೋಣಿಯಲ್ಲಿಯ ಪ್ರಸಾದವನ್ನು ಉಣ್ಣುವ ಸೇವೆಯನ್ನು ನೋಡಿ ನಗುವವರುಂಟು. ತುಂಗಭದ್ರೆಯ ಆಚೆಗಿರುವ ಆ ಮೈಲಾರವು ಮುಂಡರಗಿಗೆ ದೂರವಲ್ಲ. ಆತಕೂರಿನ ಕಲ್ಲನ್ನು ಪೂಜಿಸುವವನೂ ಗೊರವನೇ ಆಗಿದ್ದನೆಂಬುದನ್ನು ನೆನೆದರೆ ನಗುವುದಕ್ಕೆ ಮನಸ್ಸಾಗಲಿಕ್ಕಿಲ್ಲ.

ಆ ನಾಲ್ಕರಲ್ಲಿ ಗಿಡ್ಡನಾದ ಕಂದು ನಾಯಿಯೊಂದು ನಮ್ಮ ಮಾತು ನಡೆದಷ್ಟು ಹೊತ್ತೂ ಬದುವಿನಲ್ಲಿಯ ಹೆಗ್ಗಣದ ಬಿಲವನ್ನು ಕೆದರುತ್ತಲೇ ಇದ್ದಿತು. ಮೂಗನ್ನು ಒಳಗೆ ತೂರಿಸಿ, ಸೀನಿ, ಮತ್ತೆ ಕೆದರಿ, ಮಣ್ಣನ್ನು ಹಿಂಗಾಲುಗಳ ನಡುವಿನಿಂದ ಹಾರಿಸುತ್ತಿತ್ತು. ಇಂಗ್ಲಂಡದವರು ಈ ಒಂದು ಗುಣವನ್ನೇ ಹಿಡಿದು ತಲೆಮಾರುಗಳ ವರೆಗೆ ಬೆಳೆಸಿ ‘ಟೆರಿಯರ್’ ಎಂಬ ನಾಯಿಯ ಜಾತಿಗಳನ್ನು ಮಾಡಿದರು. ಲ್ಯಾಟಿನ್ ಭಾಷೆಯಲ್ಲಿ ‘ಟೆರ್ರಾ’ ಎಂದರೆ ಭೂಮಿ. ಬಿಲದೊಳಗೆ ಹೊಕ್ಕು ನರಿಯನ್ನು ಹೊರಗೆ ಅಟ್ಟುವ ನಾಯಿಗೆ ಅದರಿಂದಲೇ ಹೆಸರು. ಜಾನ್ ರಸೆಲ್ ಎಂಬ ಪಾದ್ರಿಯು ಆಕ್ಸಫರ್ಡಿನಲ್ಲಿ ವಿದ್ಯಾರ್ಥಿಯಾಗಿದ್ದಾಗ, 1819ರಲ್ಲಿ, ಹಾಲು ಮಾರುವವನೊಬ್ಬನಿಂದ ‘ಟ್ರಂಪ್’ ಎಂಬ ಹೆಣ್ಣುನಾಯಿಯನ್ನು ಕೊಂಡು ತನ್ನ ತಳಿಯನ್ನು ಮೊದಲು ಮಾಡಿದನೆಂದು ಹೇಳುವರು. ಇಂಥ ನಾಯಿ ಸಣ್ಣದಾಗಿರಬೇಕು, ಎದೆ ಕಿರಿದಾಗಿರಬೇಕು, ಕತ್ತಲಲ್ಲಿ ಒಂಟಿಯಾಗಿ ಎದುರಿಗೆ ನಿಲ್ಲುವ ಎದೆಗಾರಿಕೆ ಇರಬೇಕು. ನಮ್ಮ ಬಯಲು ಸೀಮೆಗೆ ಬೇಕಾದುದು ಇದರ ವಿಪರೀತ. ಇಲ್ಲಿ ಮರೆಯಿಲ್ಲ, ಹರದಾರಿ ದೂರದ ವರೆಗೆ ನೆಲ ಬಟಾಬಯಲು. ಇಲ್ಲಿ ಮೂಗಿಗಿಂತ ಕಣ್ಣು, ಮೊಂಡುತನಕ್ಕಿಂತ ವೇಗವು ದೊಡ್ಡದು. ಆ ಕಣ್ಣಿನ ನಾಯಿಯೇ ಮುಧೋಳದ್ದು.

ಅದನ್ನು ಕಾಣಲು ನರಗುಂದ, ರಾಮದುರ್ಗ, ಲೋಕಾಪುರಗಳ ಮಾರ್ಗವಾಗಿ ಬಸ್ಸಿನಲ್ಲಿ ಹೋದೆವು. ಮುಧೋಳ ಸೇರುವಷ್ಟರಲ್ಲಿ ಎರಡು ಹೊಳೆಗಳು: ರಾಮದುರ್ಗದ ಹತ್ತಿರ ಮಲಪ್ರಭೆ, ಮುಧೋಳದ ಹತ್ತಿರ ಘಟಪ್ರಭೆ. ಕವಿಚಕ್ರವರ್ತಿ ರನ್ನನು ಬಳೆಗಾರರ ಮನೆಯಲ್ಲಿ ಹುಟ್ಟಿದ ಊರು ಇದು. 1857ರಲ್ಲಿ ಶಸ್ತ್ರಗಳನ್ನು ಒಪ್ಪಿಸಲೊಲ್ಲದೆ ಬಂಡೆದ್ದ ಹಲಗಲಿಯ ಬೇಡರೂ ಈ ಸಂಸ್ಥಾನದವರೇ. 1948ರಲ್ಲಿ ಮುಂಬಯಿ ಪ್ರಾಂತದೊಳಗೆ ಸೇರುವ ವರೆಗೆ ಇಲ್ಲಿ ಘೋರ್ಪಡೆ ಮನೆತನದ ಅರಸರಿದ್ದರು. ಮರಾಠಿಯಲ್ಲಿ ‘ಘೋರ್ಪಡ’ ಎಂದರೆ ಉಡ. ಪೂರ್ವಜನೊಬ್ಬನು ಉಡದ ಸಹಾಯದಿಂದ ಕೋಟೆಯ ಗೋಡೆಯನ್ನೇರಿದನೆಂಬುದರಿಂದ ಆ ಬಿರುದು ಬಂದಿತೆಂದು ಐತಿಹ್ಯ. ಆ ಮನೆತನದ ಮಾಲೋಜಿರಾವ ರಾಜರು, ಸೀಮೆಯ ಬೇಡರೂ ಒಕ್ಕಲಿಗರೂ ಸಾಕಿಕೊಂಡಿದ್ದ ಈ ನಾಯಿಗಳ ಚುರುಕನ್ನು ಕಂಡು, ಒಳ್ಳೆಯವನ್ನು ಆರಿಸಿ ಅರಮನೆಯಲ್ಲಿ ಬೆಳೆಸಿದುದರಿಂದ ಈ ತಳಿಗೆ ಹೊಸ ಜೀವ ಬಂದಿತು. ಊರಿನ ಹೆಸರೂ ಅಂಟಿತು. ರಾಜರು 1937ರಲ್ಲಿ ತೀರಿಕೊಂಡರು. ಅರಮನೆ ಹೋದರೂ ನಾಯಿ ಹೋಗಲಿಲ್ಲ. ಬಡವರ ಮನೆಯಿಂದ ಬಂದದ್ದು ಬಡವರ ಮನೆಗೆ ಮರಳಿತು.

ಊರ ಹೊರಗೆ ಹೊಲದ ಮನೆಯೊಂದರಲ್ಲಿ ಈ ನಾಯಿಗಳನ್ನು ಮೂರು ತಲೆಮಾರಿನಿಂದ ಸಾಕಿದ ಹಿರಿಯರೊಬ್ಬರ ಪರಿಚಯವಾಯಿತು. ಅವರ ಕಟ್ಟೆಯ ಮೇಲೆ ಕುಳಿತು ನೋಡಿದ ನಾಯಿಯ ಚಿತ್ರವನ್ನು ವಾಚಕರಿಗೆ ಹೇಗೆ ಕೊಡೋಣ! ಗಂಡುನಾಯಿಯು ಹೆಗಲಿನ ವರೆಗೆ 70 ಸೆಂಟಿಮೀಟರು ಎತ್ತರ. ತೂಕ ಮಾತ್ರ 25 ಕಿಲೋ ಮೇಲೆ ಕೆಳಗೆ. ಉದ್ದನ್ನ ಇಕ್ಕಟ್ಟಾದ ತಲೆ, ಇಳಿಬಿದ್ದ ಕಿವಿ, ಆಳವಾದ ಎದೆ, ಬೆನ್ನಿಗೆ ಹತ್ತಿದ ಹೊಟ್ಟೆ. ಹೊಸದಾಗಿ ನೋಡಿದವರು ಉಪವಾಸ ಕೆಡವಿದ್ದಾರೆಂದು ಮನೆಯವರನ್ನು ಬೈಯುವುದುಂಟಂತೆ. ಆದರೆ ಆ ಎದೆ ಉಸಿರಿಗಾಗಿ, ಆ ಸೊಂಟ ಬಾಗುವುದಕ್ಕಾಗಿ. ಕುದುರೆಯ ನಾಗಾಲೋಟದಲ್ಲಿ ನಾಲ್ಕು ಗೊರಸುಗಳೂ ನೆಲ ಬಿಡುವುದು ಹೆಜ್ಜೆಗೊಮ್ಮೆ. ಈ ನಾಯಿಗೆ ಎರಡು ಸಲ — ಮೈ ಚಾಚಿದಾಗ ಒಮ್ಮೆ, ಬೆನ್ನನ್ನು ಬಿಲ್ಲಿನಂತೆ ಬಾಗಿಸಿ ಹಿಂಗಾಲುಗಳನ್ನು ಮುಂಗಾಲಿನ ಮುಂದಕ್ಕೆ ತಂದಾಗ ಮತ್ತೊಮ್ಮೆ. ಅರಬ ಪಾರಸಿಕ ದೇಶಗಳ ‘ಸಲೂಕಿ’, ಮಧ್ಯ ಏಶಿಯದ ‘ತಾಜಿ’ಗಳ ಬಂಧು ಇದೆಂದು ತಿಳಿದವರು ಎಣಿಸುವರು. ಮೈಗೂದಲು ಗಿಡ್ಡವಾಗಿರುವುದು ಸಾಮಾನ್ಯ. ಕಿವಿ ಬಾಲಗಳಲ್ಲಿ ರೇಶಿಮೆಯಂಥ ಕೂದಲಿರುವುದನ್ನು ‘ಪಷ್ಮಿ’ ಎನ್ನುವರು.

ಹಿರಿಯರು ತಮ್ಮ ಕಾಲದ ಬೇಟೆಯನ್ನು ಬಣ್ಣಿಸಿದರು. ಯುಗಾದಿಯ ಸುತ್ತಮುತ್ತ ಹೊಲ ಬರಿದಾದಾಗ ಹತ್ತಾರು ಜನ ಸಾಲಾಗಿ ನಡೆಯುವರು. ಮೊಲ ಎದ್ದೊಡನೆ ಜೋಡಿನಾಯಿಗಳನ್ನು ಬಿಡುವರು. ಒಂದೇ ನಾಯಿಯಾದರೆ ಮೊಲವು ಸರಕ್ಕನೆ ಹೊರಳಿ ಪಾರಾಗುವುದು, ನಾಯಿ ಓಟದ ಭರದಲ್ಲಿ ಮುಂದೆ ಹೋಗಿಬಿಡುವುದು. ಜೋಡಿಯಾದರೆ ಒಂದು ಅಟ್ಟುವುದು, ಇನ್ನೊಂದು ಹೊರಳುವ ಎಡೆಗೆ ಅಡ್ಡ ಬರುವುದು. ಎಳೆಯ ನಾಯಿಯನ್ನು ಹಳೆಯದರ ಜೊತೆಗೆ ಕಟ್ಟಿ ಕಲಿಸುವರು. ಮನುಷ್ಯನು ಕಲಿಸುವುದು ಅದರಲ್ಲಿ ಏನೂ ಇಲ್ಲ. ಇದೆಲ್ಲವನ್ನೂ ಹೇಳಿ, “ಈಗ ಅದೆಲ್ಲ ಬಂದ್ ಐತ್ರಿ. ಬಂದ್ ಇರೋದ ಛಲೋ” ಎಂದರು.

ನಿಜವೇ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಬೇಟೆಯೆಂದರೆ ಕೊಲ್ಲುವುದಷ್ಟೇ ಅಲ್ಲ. ಹಿಡಿಯುವುದು, ಬಲೆಯೊಡ್ಡುವುದು, ನಾಯಿ ಬಿಟ್ಟು ಅಟ್ಟಿಸುವುದು, ಇವುಗಳ ಪ್ರಯತ್ನ ಕೂಡ ಬೇಟೆಯೇ. ಮೊಲವು ಸಿಕ್ಕಲಿಲ್ಲವೆಂದು ಹೇಳಿ ಪಾರಾಗುವಂತಿಲ್ಲ. ಕಾಡುಹಂದಿಯು ಬೆಳೆಯನ್ನು ಮುಕ್ಕಿದರೂ ಅಧಿಕಾರಿಗಳ ಅಪ್ಪಣೆಯಿಲ್ಲದೆ ಅದರ ಮೇಲೆ ಕೈಮಾಡುವಂತಿಲ್ಲ. ಟೆರಿಯರಿನ ತೌರಾದ ಇಂಗ್ಲಂಡದಲ್ಲಿಯೂ 2004ರ ಕಾಯಿದೆಯು ನಾಯಿಗಳಿಂದ ಕಾಡುಪ್ರಾಣಿಗಳ ಬೇಟೆಯನ್ನು ನಿಲ್ಲಿಸಿತು. ಸಾಕಿದ ಬೇಟೆಹಕ್ಕಿಗಳನ್ನು ಕಾಪಾಡಲು, ಹೊಲದೊಡೆಯನ ಬರೆಹದ ಒಪ್ಪಿಗೆ ಪಡೆದು, ಒಂದೇ ಒಂದು ಟೆರಿಯರನ್ನು ಬಿಲಕ್ಕೆ ಬಿಡಲು ಮಾತ್ರ ಆಸ್ಪದವಿಟ್ಟಿತು. ಅಲ್ಲಿಯ ಮಂದಿ ಆ ಕುರಿತು ವಾದಿಸುತ್ತಿರಲಿ. ನಮ್ಮಲ್ಲಿ ಹುಲ್ಲುಗಾವಲು ಹೊಲವಾಗಿ, ಹೊಲವು ನಿವೇಶನವಾಗುತ್ತಿರುವ ಈ ಕಾಲದಲ್ಲಿ ಮೊಲಕ್ಕೆ ಓಡಲು ಉಳಿದಿರುವ ನೆಲವೇ ಸ್ವಲ್ಪ. ಅದರ ಹಿಂದೆ ರಾತ್ರಿಯಲ್ಲಿ ಮೋಟಾರು ಸಾಯಿಕಲ್ಲಿನ ದೀಪ ಹಿಡಿದು ನಾಯಿ ಬಿಡುವುದು ಪೂರ್ವಿಕರ ಬೇಟೆಯೂ ಅಲ್ಲ, ಶೌರ್ಯವೂ ಅಲ್ಲ. ನೇಕಾರರ ಮಗನಿಗೆ ನಾವು ಹೇಳಿದುದೂ ಇಷ್ಟೇ.

ಹಾಗಾದರೆ ನಾಯಿಯ ಗತಿಯೇನು? ಕೆಲಸಕ್ಕಾಗಿ ಕಡೆದ ಶರೀರಕ್ಕೆ ಕೆಲಸವೇ ಇಲ್ಲವಾದರೆ ಅದು ಎಷ್ಟು ಕಾಲ ಹಾಗೆಯೇ ಉಳಿದೀತು? ಮೊದಲು ಓಡಲಾರದ ನಾಯಿಯ ಮರಿಯನ್ನು ಯಾರೂ ಕೇಳುತ್ತಿರಲಿಲ್ಲ, ಮೊಲವೇ ಪರೀಕ್ಷಕನಾಗಿದ್ದಿತು. ಈಗ ಕೊಳ್ಳುವವರು ಪೇಟೆಯವರು; ಬಣ್ಣ ನೋಡುವರು, ಕಿವಿ ನೋಡುವರು. ಪಂದ್ಯದ ಆಸೆಗೆ ಬೇರೆ ದೇಶದ ನಾಯಿಯ ರಕ್ತವನ್ನು ಬೆರಸುವವರೂ ಇದ್ದಾರೆಂದು ಹಿರಿಯರು ಮರುಗಿದರು. ಇನ್ನೊಂದು ಸಂಗತಿಯನ್ನು ಅವರು ಕೈಯೆತ್ತಿ ತೋರಿಸಿದರು: ಸುತ್ತಲೂ ಕಬ್ಬು. ನೀರು ಬಂದು, ಸಕ್ಕರೆಯ ಕಾರಖಾನೆಗಳು ಬಂದು, ಬಯಲೆಲ್ಲ ಆಳೆತ್ತರದ ಕಬ್ಬಾಗಿದೆ. ಕಣ್ಣಿನಿಂದ ಬೇಟೆಯಾಡುವ ನಾಯಿಯು ಕಬ್ಬಿನಲ್ಲಿ ಕುರುಡು. ಕಾಯಿದೆಯೇ ಇಲ್ಲದಿದ್ದರೂ ಈ ಸೀಮೆಯಲ್ಲಿ ಅದರ ಬೇಟೆ ತಾನಾಗಿಯೇ ಮುಗಿಯುತ್ತಿತ್ತೆಂದು ಅವರ ಮತ. ನಮಗೂ ಹಾಗೆಯೇ ತೋರುತ್ತದೆ.

ಸರಕಾರವು ಕೈಕಟ್ಟಿ ಕುಳಿತಿಲ್ಲ. ಮುಧೋಳದ ಹತ್ತಿರದ ತಿಮ್ಮಾಪುರದಲ್ಲಿ ಬೀದರದ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನ ಕೇಂದ್ರವಿದೆ. ಅಲ್ಲಿ ಶುದ್ಧ ತಳಿಯನ್ನು ಬೆಳೆಸಿ ಮರಿಗಳನ್ನು ಒದಗಿಸುವರು. 2005ರಲ್ಲಿ ಈ ನಾಯಿಯ ಚಿತ್ರದ ಅಂಚೆಚೀಟಿ ಹೊರಟಿತು. 2016ರಲ್ಲಿ ಇಲ್ಲಿಯ ಮರಿಗಳನ್ನು ಸೈನ್ಯದವರು ಮೀರತಕ್ಕೆ ಒಯ್ದು ಶಿಕ್ಷಣ ಕೊಟ್ಟರು. ಇದೆಲ್ಲ ಅಭಿಮಾನದ ಮಾತೇ. ಆದರೆ ಸೈನ್ಯಕ್ಕೆ ಬೇಕಾಗುವುವು ಕೆಲವೇ ನಾಯಿಗಳು; ತಳಿಯು ಉಳಿಯುವುದು ಸಾಮಾನ್ಯರ ಅಂಗಳದಲ್ಲಿಯೇ. ಹಿರಿಯರ ನಾಯಿಗಳಿಗೆ ಈಗಿರುವ ಕೆಲಸ ಹೊಲದ ಮನೆಯನ್ನು ಕಾಯುವುದು. ಕೋತಿಗಳು ಬಂದರೆ ಬದುವಿನ ವರೆಗೆ ಓಡಿಸಿ ಮರಳುವುದು. ಕೆಲವು ಜಾತ್ರೆಗಳಲ್ಲಿ ಎತ್ತಿನ ಪಂದ್ಯದಂತೆ ನಾಯಿಗಳ ಓಟದ ಪಂದ್ಯವೂ ನಡೆಯುವುದು. ಪ್ರಾಣಿಯನ್ನು ಕೊಲ್ಲದ, ನಾಯಿಯನ್ನು ದಣಿಸಿ ಕೆಡವದ ಓಟವಾದರೆ ಅದನ್ನು ಹಳಿಯಲು ನಮಗೆ ಕಾರಣ ಕಾಣದು. ಮೊಲದ ಪರೀಕ್ಷೆ ಹೋದ ಮೇಲೆ ಯಾವುದಾದರೊಂದು ಪರೀಕ್ಷೆ ಬೇಕಲ್ಲವೆ?

ಸಾಕಬಯಸುವ ಗೃಹಸ್ಥರಿಗಾಗಿ ಅವರು ಹೇಳಿದ ಕೆಲವು ಮಾತುಗಳಿವು. ಗರ್ಭವು ಸುಮಾರು ಒಂಬತ್ತು ವಾರ. ಎರಡು ತಿಂಗಳೊಳಗೆ ಮರಿಯನ್ನು ತಾಯಿಯಿಂದ ಅಗಲಿಸಕೂಡದು. ಜೋಳದ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಇಡುವುದು ಮೊದಲಿನಿಂದ ನಡೆದುಬಂದ ಊಟ. ಹೆಚ್ಚು ಕೊಬ್ಬಿಸಿದರೆ ಈ ನಾಯಿ ಕೆಟ್ಟಿತು. ಮೈಯಲ್ಲಿ ಕೊಬ್ಬಿಲ್ಲದುದರಿಂದ ಚಳಿಗಾಲದಲ್ಲಿ ಹಾಸಿಗೆಯಾಗಿ ಗೋಣಿತಟ್ಟು ಬೇಕು. ಮೂರು ತಿಂಗಳಾದೊಡನೆ ಹುಚ್ಚಿನ ಲಸಿಕೆ, ಬಳಿಕ ವರ್ಷಕ್ಕೊಮ್ಮೆ. ಈ ಲಸಿಕೆಯನ್ನು ಹಟ್ಟಿಯ ನಾಯಿಗಳಿಗೂ ತಪ್ಪದೆ ಹಾಕಿಸಬೇಕು. ನಾಯಿಯಿಂದ ಅಲರ್ಕರೋಗವು ತೋಳ ನರಿಗಳಿಗೂ ಹರಡುವುದು, ಅವುಗಳಿಂದ ಮತ್ತೆ ದನಕ್ಕೂ ಮನುಷ್ಯನಿಗೂ ಬರುವುದು. ಹಗಲೆಲ್ಲ ಸರಪಳಿಯಲ್ಲಿ ಕಟ್ಟಿದರೆ ಇದರ ಸ್ವಭಾವವೇ ಕೆಡುವುದು. ಜೋರಾಗಿ ಗದರಿಸಿದವರನ್ನು ಇದು ಬಹುಕಾಲ ಮರೆಯದು.

ಹೊರಡುವಾಗ ಮೂರು ಮರಿಗಳು ನಮ್ಮ ಧೋತರದ ಅಂಚನ್ನು ಹಿಡಿದು ಜಗ್ಗುತ್ತಿದ್ದವು. ಬಿಳಿಯದೊಂದನ್ನು ಎತ್ತಿಕೊಂಡು ನೋಡಿದೆವು. ಮೈ ಎಲ್ಲ ಕಾಲೇ. ಬೆಲೆಯನ್ನು ಕೇಳಬೇಕೆನ್ನುವಷ್ಟರಲ್ಲಿ ಹಿರಿಯರೇ ಕೇಳಿದರು, “ಮಾಸ್ತರ, ಹೊಲ ಎಷ್ಟೈತ್ರೀ?” ಹೊಲವಿಲ್ಲವೆಂದೆವು. “ಹಿತ್ತಲ?” ತುಳಸಿಯ ಕಟ್ಟೆಯೂ ಬಟ್ಟೆ ಒಗೆಯುವ ಕಲ್ಲೂ ಇರುವಷ್ಟು ಎಂದೆವು.

ಅವರು ಮರಿಯನ್ನು ನಮ್ಮ ಕೈಯಿಂದ ಮೆಲ್ಲನೆ ಇಸಿದುಕೊಂಡು ತಾಯಿಯ ಹತ್ತಿರ ಬಿಟ್ಟರು. “ಹಂಗಾದರ ಇದು ನಿಮಗ ಬ್ಯಾಡ್ರೀ. ಕುಂಡ್ರಿ, ಚಹಾ ಕುಡದ ಹೋಗ್ರಿ.”